ನಾಲ್ಕನೆಯ ಮಾತ್ರೆ

ಔಷಧಿ ಅಂಗಡಿಯ ಗಾಜಿನ ಕೆಳಗಿನ ಕಿಂಡಿಯಿಂದ ಒಂದು ಕೈ ಒಳಗೆ ಬಂತು. ಬೆರಳುಗಳ ನಡುವೆ ನಾಲ್ಕು ಮಾತ್ರೆಗಳ ಪಟ್ಟಿ. ಮೂರು ಗುಳಿ ಖಾಲಿ. ಒಂದರಲ್ಲಿ ಮಾತ್ರ ನೀಲಿ ಮಾತ್ರೆ ಉಳಿದಿತ್ತು.

“ಇದೇ... ಇನ್ನೊಂದು ಪಟ್ಟಿ,” ಎಂದಿತು ಮುಖಗವುಸಿನ ಹಿಂದಿನಿಂದ ಒಂದು ಪಿಸುದನಿ.

ಅವಳು ತಲೆ ಎತ್ತಲಿಲ್ಲ. ಹದಿನಾರು ವರ್ಷಗಳಿಂದ ಔಷಧಿ ಕೊಡುತ್ತಿರುವವಳು. ಈ ಮಾತ್ರೆ ಕೇಳುವವರ ಮುಖ ನೋಡಬಾರದೆಂಬುದು ಆ ಕಸುಬಿನ ಮರ್ಯಾದೆ. ಅದು ಅವಳು ದಿನವೂ ಕೂರುವ ಅಂಗಡಿಯೂ ಆಗಿರಲಿಲ್ಲ. ಊರಿನ ಇನ್ನೊಂದು ತುದಿಯ ಶಾಖೆಯಲ್ಲಿ ಔಷಧಿ ಕೊಡುವಾತ ಜ್ವರದಿಂದ ಮಲಗಿದ್ದರಿಂದ, ಒಂದು ದಿನದ ಮಟ್ಟಿಗೆ ಅವಳನ್ನು ಅಲ್ಲಿಗೆ ಕಳುಹಿಸಿದ್ದರು.

“ಡಾಕ್ಟರ ಚೀಟಿ ಇದೆಯಾ?”

“ಹೋದ ಸಲ ಕೇಳಲಿಲ್ಲ...”

“ಕೇಳದೆ ಕೊಟ್ಟಿದ್ದು ತಪ್ಪು. ಎದೆನೋವಿಗೆ ಏನಾದ್ರೂ ಮಾತ್ರೆ ತಗೋತೀರಾ? ದಿನಾ ನುಂಗೋದು, ನಾಲಗೆ ಕೆಳಗೆ ಇಟ್ಟುಕೊಳ್ಳೋದು, ಯಾವುದಾದ್ರೂ?”

ಬೆರಳುಗಳು ಪಟ್ಟಿಯನ್ನು ಮುಷ್ಟಿಯೊಳಗೆ ಮಡಚಿಕೊಂಡವು.

ಆಗ ಅವಳಿಗೆ ಆ ಹೆಬ್ಬೆರಳು ಕಂಡಿತು. ಉಗುರು ನಡುವೆ ಸೀಳಿ ಎರಡಾಗಿತ್ತು. ಮೂರು ವರ್ಷದ ಹಿಂದೆ ಲಿಫ್ಟಿನ ಬಾಗಿಲಿಗೆ ಸಿಕ್ಕಿ ಸೀಳಿದ ಉಗುರು. ಇಪ್ಪತ್ತು ದಿನ ಅದಕ್ಕೆ ಪಟ್ಟಿ ಕಟ್ಟಿದವಳು ಅವಳೇ!

ತಲೆ ಎತ್ತಿದಳು. ಮುಖಗವುಸಿನ ಮೇಲೆ ಎರಡು ಕಣ್ಣು.

“ರೀ...!”

ಕೈ ಪಟ್ಟಿಯ ಸಮೇತ ಹಿಂದಕ್ಕೆ ಸರಿಯಿತು. ಅವನು ಬಾಗಿಲು ದೂಡಿಕೊಂಡು ರಸ್ತೆಗಿಳಿದು ಜನರ ನಡುವೆ ಮರೆಯಾದ.

ಪಕ್ಕದಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದ ಹಳೆಯ ಮಾರಾಟಗಾರ ನಕ್ಕ. “ಪಿಸುಗಿರಾಕಿಗಳೇ ಹೀಗೆ ಮೇಡಂ. ಚೀಟಿ ಅಂದ್ರೆ ಸಾಕು, ಕಾಲಿಗೆ ಬುದ್ಧಿ ಹೇಳ್ತಾರೆ!”

ಅವಳು ನಗಲಿಲ್ಲ. ಅವಳ ಕಣ್ಣಮುಂದೆ ಆ ಮೂರು ಖಾಲಿ ಗುಳಿಗಳಿದ್ದವು.

ಗಂಡ ತನ್ನನ್ನು ಮುಟ್ಟಿ ಒಂದೂವರೆ ವರ್ಷವಾಗಿತ್ತು. ಮೊದಲು ಕೆಲಸದ ದಣಿವು ಎಂದುಕೊಂಡಳು. ಎಂಟು ತಿಂಗಳ ಹಿಂದೆ ಅವನಿಗೆ ಎದೆನೋವು ಬಂದ ಮೇಲೆ, ಪಾಪ, ಹೃದಯದ ಭಯ ಎಂದುಕೊಂಡಳು. ಗೋಡೆಯ ಕಡೆಗೆ ತಿರುಗಿ ಮಲಗುವ ಆ ಬೆನ್ನನ್ನು ನೋಡುತ್ತ, ನೋಡುತ್ತ, ಅದಕ್ಕೆ ಹೊಂದಿಕೊಂಡೂ ಬಿಟ್ಟಿದ್ದಳು.

ಮೂರು ಮಾತ್ರೆ ಖರ್ಚಾಗಿದೆ... ನನ್ನ ಜೊತೆ ಅಂತೂ ಅಲ್ಲ. ಹಾಗಾದರೆ ಯಾರ ಜೊತೆ?

*

ಸಂಜೆ ಅವಳು ಮನೆಗೆ ಬಂದಾಗ ಅವನು ನಲ್ಲಿಯ ಕೆಳಗೆ ಕೈ ಉಜ್ಜುತ್ತಿದ್ದ. ಲಿಫ್ಟ್ ರಿಪೇರಿಯವನ ಕೈ ಒಂದು ಸಲ ತೊಳೆದರೆ ಬಿಳಿಯಾಗುವುದಿಲ್ಲ. ಆದರೂ ಅಂದು ಅವನು ತೊಳೆಯುತ್ತಿದ್ದುದು ಮಸಿಗಾಗಿ ಅಲ್ಲ, ತಿರುಗಿ ನಿಲ್ಲುವ ಧೈರ್ಯವಿಲ್ಲದ್ದಕ್ಕಾಗಿ.

“ಎದೆನೋವಿನ ಬಿಳಿ ಮಾತ್ರೆ ನುಂಗಿ, ಅದರ ಮೇಲೆ ಇದನ್ನೂ ನುಂಗಿದ್ರಾ?” ಅವಳ ಮೊದಲ ಮಾತು ಅದು. “ಎರಡೂ ಸೇರಿದ್ರೆ ರಕ್ತದ ಒತ್ತಡ ಕುಸಿದು ಸಾಯ್ತೀರಿ, ಗೊತ್ತಾ?”

“ನನಗೂ ಓದೋಕೆ ಬರುತ್ತೆ. ಪೊಟ್ಟಣದೊಳಗಿನ ಕಾಗದದಲ್ಲಿ ಬರೆದಿತ್ತು. ಬಿಳಿ ಮಾತ್ರೆ ಬಿಟ್ಟು ಐದು ವಾರ ಆಯ್ತು.”

“ಬಿಟ್ರಾ? ಯಾರನ್ನ ಕೇಳಿ?”

“ಎರಡು ತಂತಿ ಒಂದಕ್ಕೊಂದು ತಾಗಬಾರದು ಅಂದ್ರೆ, ಒಂದನ್ನ ಬಿಚ್ಚಿಡ್ತೀವಿ. ಅಷ್ಟೇ ತಾನೇ?”

“ಇದು ಲಿಫ್ಟ್ ಅಲ್ಲರೀ, ಎದೆ!”

ಪ್ರತಿ ಭಾನುವಾರ ದಿನಕ್ಕೊಂದರಂತೆ ಏಳು ಮನೆಗಳಿರುವ ಡಬ್ಬಿಯಲ್ಲಿ ವಾರದ ಮಾತ್ರೆಗಳನ್ನು ತುಂಬಿಸಿಡುತ್ತಿದ್ದವಳು ಅವಳು. ಪ್ರತಿ ಶನಿವಾರ ಡಬ್ಬಿ ಖಾಲಿಯಾಗಿರುವುದನ್ನು ಕಂಡು ನೆಮ್ಮದಿಪಟ್ಟವಳೂ ಅವಳೇ. ಐದು ವಾರ... ದಿನಕ್ಕೊಂದು ಬಿಳಿ ಮಾತ್ರೆ ಎಲ್ಲೋ ಕಸವಾಗಿತ್ತು. ಜೀವವನ್ನೇ ಪಣಕ್ಕಿಡುವಷ್ಟು ಆಸೆ!

“ಯಾರವಳು?”

ನಲ್ಲಿ ನಿಂತಿತು.

ಅವನ ಮುಂದೆ ಎರಡು ಉತ್ತರಗಳಿದ್ದವು. ನಿಜ ಹೇಳಿದರೆ ತನ್ನ ಗಂಡಸುತನ ಹೋಗುತ್ತದೆ. ಸುಳ್ಳು ಹೇಳಿದರೆ ಹೆಂಡತಿ ಹೋಗುತ್ತಾಳೆ. ಅವನ ಬದುಕಿನಲ್ಲಿ ಬೇರೆ ಹೆಂಗಸು ಇರಲಿಲ್ಲ, ಎಂದೂ ಇದ್ದಿರಲಿಲ್ಲ. ಆದರೆ ಕೈಲಾಗದವನೆಂದು ಅವಳಿಂದ ಕನಿಕರ ಪಡೆಯುವುದಕ್ಕಿಂತ ಕೆಟ್ಟವನೆಂದು ಬೈಸಿಕೊಳ್ಳುವುದು ಲೇಸು ಎಂದು ಆ ಕ್ಷಣದಲ್ಲಿ ಅವನಿಗೆ ತೋರಿತು. ಇಂಥ ಲೆಕ್ಕ ಹಾಕಿದ ಗಂಡು ಅವನೊಬ್ಬನೇ ಅಲ್ಲ. ಆ ಲೆಕ್ಕದಿಂದ ಗೆದ್ದವನ ಕಥೆಯನ್ನು ಮಾತ್ರ ಯಾರೂ ಕೇಳಿಲ್ಲ.

“ಇದ್ದಾಳೆ,” ಎಂದ.

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. “ಹೆಸರು?”

“ಅದೆಲ್ಲ ಯಾಕೆ ನಿನಗೆ?”

“ನನಗ್ಯಾಕೆ... ಹೌದು, ನನಗ್ಯಾಕೆ! ಹದಿನೇಳು ವರ್ಷ ಜೊತೆಗಿದ್ದವಳಿಗೆ ಅದೆಲ್ಲ ಯಾಕೆ!”

ಅವಳು ಒಂದು ಚೀಲಕ್ಕೆ ಬಟ್ಟೆ ತುಂಬಿದಳು. ಮಗಳು ಹಾಸ್ಟೆಲಿನಲ್ಲಿ ಇದ್ದುದರಿಂದ ಈ ಮಾತುಗಳು ಅವಳ ಕಿವಿಗೆ ಬೀಳಲಿಲ್ಲ, ಅಷ್ಟೇ ಪುಣ್ಯ. ಹೊಸ್ತಿಲಲ್ಲಿ ನಿಂತು ಅವಳು ಹೇಳಿದ ಕೊನೆಯ ಮಾತು ಮಾತ್ರ ಹೆಂಡತಿಯದೋ ಔಷಧಿ ಕೊಡುವವಳದೋ ಎಂದು ಬೇರ್ಪಡಿಸುವುದು ಕಷ್ಟ.

“ಆ ನೀಲಿ ಮಾತ್ರೆ ಬಿಸಾಕಿ. ನಾಳೆನೇ ಹೃದಯದ ಡಾಕ್ಟರ ಹತ್ರ ಹೋಗಿ ನಡೆದಿದ್ದು ಹೇಳಿ. ನನಗೋಸ್ಕರ ಬೇಡ... ಅವಳಿಗೋಸ್ಕರನಾದ್ರೂ ಬದುಕಿರಿ.”

*

ಅಕ್ಕ ಹೊಲಿಗೆಯವಳು. ಯಂತ್ರದ ಮುಂದೆ ಕುಳಿತೇ ತಂಗಿಯ ಕಥೆಯನ್ನೆಲ್ಲ ಕೇಳಿದಳು. ಕೇಳಿ, ಮೊದಲು ನಕ್ಕುಬಿಟ್ಟಳು.

“ಇನ್ನೊಬ್ಬಳಾ? ನಿನ್ನ ಗಂಡನಿಗಾ? ಹತ್ತು ವರ್ಷದಿಂದ ಎದುರು ಮನೆಯವಳನ್ನ ನೋಡ್ತಿದ್ರೂ, ಈಗಲೂ ‘ಆ ಎರಡನೇ ಮಹಡಿಯೋರು’ ಅಂತಾನಲ್ಲೇ ಅವನು!”

“ನಗಬೇಡ ಅಕ್ಕ. ಅವರೇ ಬಾಯಿಬಿಟ್ಟು ಒಪ್ಪಿಕೊಂಡ್ರು.”

“ಅದೇ ಕಣೇ ನನಗೆ ಅನುಮಾನ. ತಪ್ಪು ಮಾಡಿದ ಗಂಡಸು ಮೊದಲು ಇಲ್ಲ ಅಂತಾನೆ. ಆಮೇಲೆ ಸಿಟ್ಟು ಮಾಡ್ತಾನೆ. ಕೇಳಿದ ತಕ್ಷಣ ಹೌದು ಅಂದ ಅಂದ್ರೆ... ಎಲ್ಲೋ ಹೊಲಿಗೆ ಬಿಟ್ಟಿದೆ.”

“ನಿನಗೆ ಎಲ್ಲಾ ಹೊಲಿಗೆನೇ!”

“ಮತ್ತೆ ನಿನಗೆ ಎಲ್ಲಾ ಮಾತ್ರೆ. ಬಂದವರಿಗೆಲ್ಲ ನೂರು ಪ್ರಶ್ನೆ ಕೇಳ್ತೀಯಲ್ಲ, ಗಂಡನಿಗೆ ಎಷ್ಟು ಕೇಳಿದೆ?”

“ಒಂದೇ.”

“ಅದೂ ‘ಯಾರವಳು’ ಅಂತ.”

ಅವಳು ಎದ್ದು ಒಳಗೆ ಹೋದಳು. ಕಣ್ಣೀರನ್ನು ಅಕ್ಕ ಕೂಡ ನೋಡಬಾರದೆಂಬ ಹಟ ಅವಳದು.

ಹಾಗೆ ಕಳೆದ ದಿನಗಳನ್ನು ಅಕ್ಕ ಏಳು ಎನ್ನುತ್ತಾಳೆ. ಗಂಡನ ಜೊತೆ ಕೆಲಸ ಮಾಡುವಾತ ಹತ್ತು ಎನ್ನುತ್ತಾನೆ. ಒಂದೊಂದನ್ನೂ ಎಣಿಸಿದವಳು ಅವಳೊಬ್ಬಳೇ ಆದ್ದರಿಂದ ಅವಳ ಲೆಕ್ಕವನ್ನೇ ನಂಬಬೇಕು. ಒಂಬತ್ತು.

*

ಒಂಬತ್ತನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಅವಳು ತನ್ನ ಅಂಗಡಿಯಲ್ಲಿದ್ದಾಗ ಫೋನು ಬಂತು. ಗಂಡನ ಜೊತೆಗಾರ. ಬಟ್ಟೆಯ ಮೇಲಿನ ಕಲೆ ಎಂದೂ ಹೋಗದ ಕಾರಣ ಎಲ್ಲರೂ ಅವನನ್ನು ಗ್ರೀಸು ಎಂದೇ ಕರೆಯುತ್ತಿದ್ದರು.

“ಅತ್ತಿಗೆ, ಅಣ್ಣ ಎದೆ ಹಿಡ್ಕೊಂಡು ಕೂತುಬಿಟ್ರು! ಲಿಫ್ಟ್ ಕೆಟ್ಟಿತ್ತಲ್ಲ, ಹನ್ನೊಂದು ಮಹಡಿ ಹತ್ತಿಕೊಂಡು ಯಂತ್ರದ ಕೋಣೆಗೆ ಬಂದ್ವಿ. ಆಂಬುಲೆನ್ಸಿಗೆ ಹೇಳಿದೀನಿ. ಇವರ ಚೀಲದಲ್ಲಿ ನಾಲಗೆ ಕೆಳಗಿಡೋ ಮಾತ್ರೆ ಸಿಕ್ತು, ಇಡ್ತಾ ಇದೀನಿ...”

“ಇಡಬೇಡಿ!”

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಯಾಕತ್ತಿಗೆ? ಇದು ನೀವೇ ಇಟ್ಟಿದ್ದಂತೆ...”

“ಮೊದಲು ಅವರನ್ನ ಕೇಳಿ. ಇವತ್ತು ನೀಲಿ ಮಾತ್ರೆ ತಗೊಂಡ್ರಾ ಅಂತ.”

ಗ್ರೀಸು ಕೇಳಿದ. ದೂರದಿಂದ ಗಂಡನ ದನಿ ಬಂತು, ಬಹಳ ಬೇಗನೆ ಬಂತು. “ಇಲ್ಲ.”

ಕೇಳಿದ ತಕ್ಷಣ ಬಂದ ಉತ್ತರ... ಅವಳಿಗೆ ಅಕ್ಕನ ಮಾತು ನೆನಪಾಯಿತು.

“ಫೋನು ಅವರ ಕಿವಿಗೆ ಹಿಡೀರಿ. ರೀ, ಕೇಳ್ತಿದೀರಾ? ನಾಚಿಕೆ ಆಮೇಲೆ ಪಡೋಣ. ನೀಲಿ ಮಾತ್ರೆ ಹೊಟ್ಟೆಯಲ್ಲಿದ್ದಾಗ ನಾಲಗೆ ಕೆಳಗೆ ಅದನ್ನ ಇಟ್ರೆ, ನಾನು ಬರೋ ಹೊತ್ತಿಗೆ ನೀವಿರಲ್ಲ. ನನ್ನ ಹತ್ರ ಏನು ಸುಳ್ಳು ಬೇಕಾದ್ರೂ ಹೇಳಿ... ಇದೊಂದು ಬೇಡ.”

ಅತ್ತ, ಗಂಡನ ಪಕ್ಕದಲ್ಲಿ ಜೊತೆಗಾರ ಕುಳಿತಿದ್ದಾನೆ. ನಾಳೆ ಇಡೀ ಕೆಲಸದ ತಂಡಕ್ಕೆ ಗೊತ್ತಾಗಬಹುದು. ಅವನು ಕಣ್ಣು ಮುಚ್ಚಿಕೊಂಡ.

“ತಗೊಂಡೆ. ಉಳಿದಿತ್ತಲ್ಲ, ಆ ನಾಲ್ಕನೇದು. ಒಂದು ಗಂಟೆ ಆಯ್ತು.”

“ಈ ಹೊತ್ತಲ್ಲಿ? ಯಾರ ಹತ್ರ ಹೋಗೋಕೆ?” ಕೇಳಬಾರದ ಹೊತ್ತಿನಲ್ಲಿ ಬಾಯಿಂದ ಜಾರಿದ ಪ್ರಶ್ನೆ!

“ನಿನ್ನ ಹತ್ರ... ಕೆಲಸ ಮುಗಿಸಿ, ಅಕ್ಕನ ಮನೆಯಿಂದ ನಿನ್ನ ಕರ್ಕೊಂಡು ಹೋಗೋಣ ಅಂತ... ಬೇರೆ ಯಾರೂ ಇಲ್ಲ ಕಣೇ. ಯಾವತ್ತೂ ಇರಲಿಲ್ಲ. ನನ್ನಿಂದ... ಆಗ್ತಾ ಇರಲಿಲ್ಲ. ಅಷ್ಟೇ.”

ಅವಳಿಗೆ ಅಳಲು ಸಮಯವಿರಲಿಲ್ಲ.

“ಗ್ರೀಸಣ್ಣ, ಅವರನ್ನ ಗೋಡೆಗೆ ಒರಗಿಸಿ ಕೂರಿಸಿ, ನಡೆಸಬೇಡಿ. ಆಂಬುಲೆನ್ಸಿನವರಿಗೆ ಮೊದಲ ಮಾತೇ ಇದು: ನಿಮಿರುವಿಕೆಯ ಮಾತ್ರೆ ತಗೊಂಡು ಒಂದು ಗಂಟೆ ಆಗಿದೆ, ಎದೆನೋವಿನ ನೈಟ್ರೇಟ್ ಔಷಧಿ ಕೊಡಬೇಡಿ. ಆಸ್ಪತ್ರೆಯಲ್ಲೂ ಇದನ್ನೇ ಹೇಳಿ. ಸಂಕೋಚ ಅಂತ ನುಂಗಿಬಿಡಬೇಡಿ, ನಿಮಗೆ ಕೈ ಮುಗೀತೀನಿ!”

“ಅಣ್ಣನ ಪ್ರಾಣಕ್ಕಿಂತ ನನ್ನ ಸಂಕೋಚ ದೊಡ್ಡದಾ ಅತ್ತಿಗೆ? ಡಂಗುರ ಹೊಡೆದು ಹೇಳ್ತೀನಿ!”

“ಡಂಗುರ ಬೇಡ್ವೋ...” ಎಂದು ಅತ್ತ ನೋವಿನಲ್ಲೂ ಗೋಗರೆದ ದನಿ ಕೇಳಿ, ಅವಳಿಗೆ ಒಮ್ಮೆಲೇ ನಗುವೂ ಅಳುವೂ ಒತ್ತರಿಸಿ ಬಂದವು.

*

ಜೀವ ಉಳಿಯಿತು. ಮುಚ್ಚಿಹೋಗುತ್ತಿದ್ದ ಒಂದು ರಕ್ತನಾಳವನ್ನು ಅಂದೇ ತೆರೆದರು. ನಾಲ್ಕನೆಯ ದಿನ ಹೃದಯದ ಡಾಕ್ಟರು ಹಾಸಿಗೆಯ ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕುಳಿತರು. ನರೆಗೂದಲಿನ, ಮಾತನ್ನು ಸುತ್ತಿ ಬಳಸದ ಹೆಂಗಸು.

“ನಿಮಿರು ದೌರ್ಬಲ್ಯ ಶುರುವಾಗಿದ್ದು ಯಾವಾಗ?”

ಅವನು ಕಿಟಕಿಯ ಕಡೆ ನೋಡಿದ. “ಒಂದೂವರೆ ವರ್ಷ ಆಯ್ತು.”

“ಅಂದ್ರೆ ಎದೆನೋವಿಗಿಂತ ಹತ್ತು ತಿಂಗಳು ಮುಂಚೆ. ಅಲ್ಲಿನ ರಕ್ತನಾಳ ಹೃದಯದ್ದಕ್ಕಿಂತ ಸಣ್ಣದು. ಎಷ್ಟೋ ಜನಕ್ಕೆ ತೊಂದರೆ ಮೊದಲು ಅಲ್ಲೇ ಕಾಣುತ್ತೆ. ಆವಾಗಲೇ ಬಂದಿದ್ರೆ ಆವಾಗಲೇ ಎದೆ ಪರೀಕ್ಷೆ ಮಾಡ್ತಿದ್ವಿ. ಇದು ಇಷ್ಟು ದೂರ ಬರ್ತಿರಲಿಲ್ಲವೇನೋ.”

ಅವಳು ಹಾಸಿಗೆಯ ಕಂಬಿಯನ್ನು ಬಿಗಿಯಾಗಿ ಹಿಡಿದಳು. ಇದು ಅವಳಿಗೆ ಹೊಸ ಸಂಗತಿಯಲ್ಲ. ಪರೀಕ್ಷೆಗೆ ಓದಿದ್ದಳು. ಗಾಜಿನಾಚೆಯ ಅದೆಷ್ಟೋ ಗಂಡಸರಿಗೆ ಹೇಳಿದ್ದಳು, ಸುಮ್ಮನೆ ಮಾತ್ರೆ ನುಂಗಬೇಡಿ, ಒಮ್ಮೆ ಹೃದಯ, ಸಕ್ಕರೆ ನೋಡಿಸಿಕೊಳ್ಳಿ ಎಂದು. ಪಕ್ಕದಲ್ಲಿ ಮಲಗಿದವನ ಬೆನ್ನಿಗೆ ಮಾತ್ರ ಹೇಳಿರಲಿಲ್ಲ.

“ಇನ್ಮೇಲೆ ಆ ಮಾತ್ರೆ...?” ಅವನು ಕಿಟಕಿಯ ಕಡೆಗೇ ನೋಡುತ್ತ ಕೇಳಿದ.

“ಸದ್ಯಕ್ಕಿಲ್ಲ. ಮೂರು ತಿಂಗಳು ಹೃದಯ ಹೇಗಿರುತ್ತೆ ನೋಡ್ತೀನಿ. ಬಿಳಿ ಮಾತ್ರೆ ಇನ್ನು ಬೇಡ ಅನ್ನೋ ಹಾಗಾದ್ರೆ ನಾನು ನಿಲ್ಲಿಸ್ತೀನಿ. ನಾನು, ನೀವಲ್ಲ! ಆಮೇಲೆ ನನ್ನ ಚೀಟಿ ಮೇಲೆ, ಕಡಿಮೆ ಪ್ರಮಾಣದಿಂದ ಶುರು. ದಿನಕ್ಕೆ ಒಂದಕ್ಕಿಂತ ಹೆಚ್ಚಿಲ್ಲ. ಅದನ್ನ ತಗೊಂಡ ಮೇಲೆ ಎದೆ ನೋವು ಬಂದ್ರೆ ನಾಲಗೆ ಕೆಳಗೆ ಏನೂ ಇಡಬಾರದು. ಆಸ್ಪತ್ರೆಗೆ ಬಂದು ಮೊದಲು ಅದನ್ನೇ ಹೇಳಬೇಕು.”

“ಬಿಳಿ ಮಾತ್ರೆ ನಿಲ್ಲಿಸೋಕೆ ಆಗದೇ ಹೋದ್ರೆ?”

“ಆಗ ನೀಲಿ ಮಾತ್ರೆ ನಿಮಗಿಲ್ಲ. ಬೇರೆ ದಾರಿಗಳಿವೆ, ಕೂತು ಮಾತಾಡೋಣ. ಮಾತಾಡೋಕೆ ಕಲೀರಿ ಮೊದಲು. ಇಬ್ಬರೂ.”

*

ಡಾಕ್ಟರು ಹೋದ ಮೇಲೆ ಅವಳು ಹಾಸಿಗೆಯ ಸುತ್ತ ಪರದೆ ಎಳೆದು ಕುರ್ಚಿಯಲ್ಲಿ ಕುಳಿತಳು. ಪರದೆಯಾಚೆ ಯಾರೋ ಕಿತ್ತಳೆ ಸುಲಿಯುತ್ತಿದ್ದರು.

“ಆ ಮೂರು ಮಾತ್ರೆ ಏನಾಯ್ತು?” ಅವಳೇ ಕೇಳಿದಳು.

“ಮೊದಲನೇದು ನುಂಗಿದ ದಿನ ತಲೆ ಸಿಡಿದುಹೋಯ್ತು. ನೀನು ಬರೋ ಹೊತ್ತಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದ್ದೆ. ಎರಡನೇದು ನುಂಗಿದ ದಿನ ನೀನು ಬಂದವಳೇ, ಕಾಲು ನೋವು ಅಂತ ಹಾಗೇ ನಿದ್ದೆ ಹೋದೆ.”

“ಮೂರನೇದು?”

“ಮಾತ್ರೆ ನುಂಗಿ ಕೂತರೆ ತಾನಾಗೇ ಏನೋ ಆಗುತ್ತೆ ಅಂದ್ಕೊಂಡಿದ್ದೆ. ಎರಡು ಗಂಟೆ ಟೀವಿ ನೋಡಿದೆ. ಏನೂ ಆಗಲಿಲ್ಲ.”

“ಅದು ಹಾಗಲ್ಲರೀ... ಹತ್ತಿರ ಬರಬೇಕು, ಮನಸ್ಸು ಬರಬೇಕು. ಅದೇನು ಸ್ವಿಚ್ಚಾ?” ಅವಳ ದನಿ ಒಡೆಯಿತು. “ಮನೆಯಲ್ಲೇ ಇದ್ದೆನಲ್ಲ ನಾನು! ಇದೇ ಕಸುಬಿನವಳು! ನನಗ್ಯಾಕೆ ಹೇಳಲಿಲ್ಲ?”

ಅವನು ಮೊದಲ ಬಾರಿಗೆ ಅವಳ ಮುಖವನ್ನು ನೇರವಾಗಿ ನೋಡಿದ.

“ಒಬ್ಬ ಮುದುಕಪ್ಪ ನಿನ್ನ ಅಂಗಡಿಗೆ ಬಂದಿದ್ದ. ಮೊದಲು ಬಾಚಣಿಗೆ ಕೇಳಿದ, ಆಮೇಲೆ ಹತ್ತಿ, ಆಮೇಲೆ ಕೆಮ್ಮಿನ ಔಷಧಿ. ಕೊನೆಗೆ ಪಿಸುಗುಟ್ಟಿಕೊಂಡು ಈ ಮಾತ್ರೆ ಕೇಳಿದ. ನೆನಪಿದೆಯಾ? ನೀನು ಊಟಕ್ಕೆ ಕೂತಾಗ ಹೇಳಿದೆ. ಬರೀ ಹೇಳಲಿಲ್ಲ, ಅವನ ಹಾಗೆ ಬಗ್ಗಿಕೊಂಡು ನಡೆದು ತೋರಿಸಿದೆ. ಅಡುಗೆಮನೆಯಿಂದ ಮೇಜಿನವರೆಗೂ.”

“ನೀವೂ... ನೀವೂ ನಕ್ಕಿದ್ರಲ್ಲ...”

“ನಕ್ಕೆ. ನನಗೆ ಇದು ಶುರುವಾಗಿ ಆಗಲೇ ಆರು ವಾರ ಆಗಿತ್ತು.”

ಅಂಗಡಿಯಲ್ಲಿ ಯಾರ ಮುಖವನ್ನೂ ನೋಡದ ಮರ್ಯಾದೆ ಅವಳಿಗಿತ್ತು. ಆ ಮರ್ಯಾದೆಯನ್ನು ಅಲ್ಲಿಯೇ ಬಿಟ್ಟು, ಅವರ ನಾಚಿಕೆಯನ್ನು ಮಾತ್ರ ಮನೆಗೆ ಹೊತ್ತು ತಂದು ತಟ್ಟೆಯ ಪಕ್ಕದಲ್ಲಿ ಬಡಿಸಿದ್ದಳು.

ನಾನು ನಕ್ಕ ದಿನದಿಂದಲೇ ಇವರು ಗೋಡೆಗೆ ತಿರುಗಿದ್ದು... ಅಯ್ಯೋ, ಈ ಎದೆಯ ಗಾಯದಲ್ಲಿ ನನ್ನ ನಗುವೂ ಇದೆಯಲ್ಲ!

“ಕ್ಷಮಿಸಿ ರೀ,” ಎಂದಳು.

ಅವನು ಅಡ್ಡಡ್ಡ ತಲೆಯಾಡಿಸಿದ. “ಕ್ಷಮಿಸಿದೆ ಅಂದ್ರೆ ಸುಳ್ಳಾಗುತ್ತೆ. ಈ ತಿಂಗಳು ಒಂದು ದೊಡ್ಡ ಸುಳ್ಳು ಹೇಳಿದೀನಿ. ಸಾಕು.”

ಮಾತು ಚುಚ್ಚಿತು. ಚುಚ್ಚಿದರೂ ಅದು ನಿಜದ ಮಾತು. ಒಂದೂವರೆ ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ನಿಜವಾದ ಸಿಟ್ಟು.

“ನಾನೂ ನಿಮ್ಮನ್ನ ಕ್ಷಮಿಸಿಲ್ಲ,” ಎಂದಳು ಅವಳು. “ಒಂಬತ್ತು ದಿನ ಆ ಹೆಂಗಸಿಗೆ ಮುಖ ಕೊಟ್ಟೆ, ಬಣ್ಣ ಕೊಟ್ಟೆ, ನಗು ಕೊಟ್ಟೆ. ನನಗಿಂತ ಚೆನ್ನಾಗಿದ್ಲು.”

“ಇರಲೇ ಇಲ್ವಲ್ಲೇ ಅವಳು.”

“ಇಲ್ಲದವಳ ಜೊತೆ ಜಗಳ ಆಡಿ ಗೆಲ್ಲೋದು ಹೇಗೆ ರೀ? ಒಂದು ದಿನ ಕನ್ನಡಿ ಮುಂದೆ ನಿಂತು, ನನ್ನಲ್ಲಿ ಏನು ಕಡಿಮೆ ಅಂತ ಒಂದೊಂದೇ ಹುಡುಕಿದೀನಿ. ಗೊತ್ತಾ ನಿಮಗೆ?”

ಅವನ ಕಣ್ಣು ತುಂಬಿ ಬಂತು. ಅಷ್ಟು ದೂರ ಅವನು ಯೋಚಿಸಿರಲಿಲ್ಲ. ತನ್ನ ಮಾನ ಉಳಿಸಿಕೊಳ್ಳಲು ಹೇಳಿದ ಸುಳ್ಳು ಅವಳ ಮಾನವನ್ನೇ ಸುಲಿದಿತ್ತು.

“ನಿನ್ನಲ್ಲಿ ಏನೂ ಕಡಿಮೆ ಇಲ್ಲ ಕಣೇ. ಮುಟ್ಟಿದ್ರೆ ಮುಂದುವರೀಬೇಕಾಗುತ್ತೆ, ಮುಂದುವರೀಲಿಕ್ಕೆ ಆಗಲ್ಲ. ಅದಕ್ಕೆ ಮುಟ್ಟೋದನ್ನೇ ಬಿಟ್ಟೆ.”

“ನಾನು ಕೇಳಿದ್ದೆನಾ ಮುಂದುವರೀರಿ ಅಂತ?”

“ಕೇಳಿರಲಿಲ್ಲ.”

“ಒಂದೂವರೆ ವರ್ಷ ರೀ! ತಲೆ ಮೇಲೆ ಒಂದು ಕೈ ಇಟ್ಟಿದ್ರೂ ಸಾಕಾಗಿತ್ತು ನನಗೆ.”

ಅವನ ಕೈ ಹೊದಿಕೆಯ ಮೇಲೆ ಅಲುಗಿತು. ಸೂಜಿಗೆ ಅಂಟಿಸಿದ್ದ ಪಟ್ಟಿ ಎಳೆಯಿತು. ಅಷ್ಟು ದೂರ ಕೈ ಚಾಚುವುದೂ ಅವನಿಗೆ ಕಷ್ಟವಾಗಿತ್ತು. ಅವಳು ಕುರ್ಚಿ ಬಿಟ್ಟು ಹಾಸಿಗೆಯ ಅಂಚಿಗೆ ಬಂದು ಕುಳಿತು, ಉಳಿದ ದೂರವನ್ನು ತಾನೇ ದಾಟಿದಳು. ಅವನ ಬೆರಳುಗಳು ಅವಳ ಅಂಗೈಯನ್ನು ಹುಡುಕಿ ಹಿಡಿದವು.

“ಮೂರು ತಿಂಗಳಾದ ಮೇಲೂ ಆಗದೇ ಹೋದ್ರೆ?” ಎಂದ ಅವನು, ಬಹಳ ಮೆಲ್ಲಗೆ.

“ಆಗದೇ ಇದ್ರೆ ಅದನ್ನೂ ನನಗೆ ಹೇಳ್ಬೇಕು. ಅದೇ ದಿನ.”

“ಹೇಳ್ತೀನಿ.”

ಅವನು ಹುಬ್ಬು ಗಂಟಿಕ್ಕಿದ. “ಕೈ ಯಾಕೆ ಇಷ್ಟು ತಣ್ಣಗಿದೆ ನಿಂದು?”

“ಬಹಳ ದಿನದಿಂದ ಹೀಗೇ ಇದೆ. ಈಗ ಗೊತ್ತಾಯ್ತಾ?”

“ಈಗ ಗೊತ್ತಾಯ್ತು.”

“ಹಾಗಾದ್ರೆ ಬಿಡಬೇಡಿ.”

“ನರ್ಸಮ್ಮ ಬಂದು, ಹಾಸಿಗೆ ಮೇಲೆ ಯಾರಮ್ಮ ಕೂತಿದ್ದು, ಏಳು ಅಂದ್ರೆ?”

“ಹೆಂಡತಿ ಅಂತ ಹೇಳ್ತೀನಿ.”